ಪೆಟ್ಟಿಗೆಯಿಂದ ಹೊರಗುಳಿದ ಉಸಿರು

ಅಡುಗೆಮನೆಯ ಮೇಜು, ಕಿಟಕಿಯ ಪಕ್ಕ
ಮಂಗಳವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿಗೆ,

ಈ ಪತ್ರವನ್ನು ಒಬ್ಬ ಕಳ್ಳ ಬರೆಯುತ್ತಿದ್ದಾನೆ. ಜೀವಮಾನವಿಡೀ ಪರರ ಸೊತ್ತಿಗೆ ಕೈಹಾಕದೆ, ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನೂ ನೋಡದೆ (ನೋಡಿದ್ದರೆ ಪಾಸಾಗುತ್ತಿದ್ದೆ) ಬದುಕಿದ ನಿನ್ನಪ್ಪ, ನಿನ್ನೆ ಹಾಡಹಗಲಲ್ಲಿ, ಸ್ವಸ್ಥಚಿತ್ತನಾಗಿ, ಕನ್ನಡಕ ಹಾಕಿಕೊಂಡೇ ರೆಕಾರ್ಡಿಂಗ್ ಕಂಪನಿಯ ಸ್ಟುಡಿಯೋದಿಂದ ಹೆಬ್ಬೆರಳುದ್ದದ ಒಂದು ಪೆನ್‌ಡ್ರೈವ್ ಕದ್ದಿದ್ದಾನೆ. ಮಾಲು ಈಗ ಸಕ್ಕರೆ ಡಬ್ಬಿಯಲ್ಲಿದೆ. ವಿವರ ಆಮೇಲೆ. ಮೊದಲು ನೀನು ಹೇಗಿದ್ದೀ ಹೇಳು. ಬೆನ್ನುನೋವು ಇಳಿಯಿತೆ? ಬಂದರಿನಲ್ಲಿ ದಿನವಿಡೀ ನಿಂತು ಕ್ರೇನಿನವರಿಗೆ ಕೈಸನ್ನೆ ಮಾಡುವವಳು ಮಧ್ಯೆ ಒಂದಿಷ್ಟಾದರೂ ಕೂರಬೇಕು ಕಣೇ. ಸಂಗೀತವೆಂದರೆ ಕಿವಿ ಮುಚ್ಚಿಕೊಂಡು ಅಷ್ಟು ದೂರ ಓಡಿದೆ, ಓಡಿಹೋಗಿ ಮಾಡುತ್ತಿರುವುದೇನು? ಅಮ್ಮನ ಕೆಲಸವನ್ನೇ. ಅವಳು ಕೈಯೆತ್ತಿದರೆ ವಾದ್ಯವೃಂದದ ಎಂಬತ್ತು ಕಮಾನುಗಳು ಏಳುತ್ತಿದ್ದವು, ನೀನು ಕೈಯೆತ್ತಿದರೆ ಎಂಬತ್ತು ಟನ್ ಏಳುತ್ತದೆ. ಈ ಮನೆಯ ಹೆಂಗಸರು ಕೈಯೆತ್ತಿದರೆ ಎಂಥ ಭಾರವೂ ಏಳಲೇಬೇಕು. ನಾನೊಬ್ಬ ಮಾತ್ರ ಬೆಳಿಗ್ಗೆ ಏಳಲು ಹೆಣಗುತ್ತಿದ್ದೇನೆ. ನನ್ನ ಆರೋಗ್ಯ ಕೇಳಿದರೆ, ಮಂಡಿಯಲ್ಲಿ ಅಪಸ್ವರ, ಹೊಟ್ಟೆಗೆ ತಾಳಜ್ಞಾನವಿಲ್ಲ, ಉಳಿದಂತೆ ಶ್ರುತಿಯಲ್ಲಿದ್ದೇನೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು ಎನ್ನುತ್ತೀ. ಅಮ್ಮನ ಮಾತು ಬಂದೊಡನೆ ನಾವಿಬ್ಬರೂ ಮಳೆ ಬಿಸಿಲಿನ ಮಾತಿಗೆ ಹಾರುತ್ತೇವೆ. ಅವಳು ಹೋದ ಈ ಒಂಬತ್ತು ತಿಂಗಳಲ್ಲಿ ಅಪ್ಪ ಮಗಳು ಹವಾಮಾನ ಇಲಾಖೆಯಲ್ಲಿ ಕೆಲಸಕ್ಕೆ ಸೇರುವಷ್ಟು ಪಂಡಿತರಾಗಿದ್ದೇವೆ. ಅದಕ್ಕೇ ಕಾಗದ. ಕಾಗದದಲ್ಲಿ ನೀನು ಮಾತು ತಿರುಗಿಸಲಾರೆ.

ಸುದ್ದಿ ಇಷ್ಟು. ಅಮ್ಮ ನಡೆಸಿದ ವಾದ್ಯವೃಂದದ ಧ್ವನಿಮುದ್ರಣಗಳನ್ನೆಲ್ಲ ಒಟ್ಟುಮಾಡಿ ಕಂಪನಿಯವರು ಹನ್ನೊಂದು ಸಿ.ಡಿ.ಗಳ ಪೆಟ್ಟಿಗೆಯಾಗಿ ತರುತ್ತಿದ್ದಾರೆ. ಮುಚ್ಚಳದ ಮೇಲೆ ಅವಳ ಚಿತ್ರ, ಕೈಯಲ್ಲಿ ತಾಳ ತೋರುವ ಕಡ್ಡಿ, ಯಾರ ಮಾತನ್ನೂ ಕೇಳದ ಆ ತಲೆಗೂದಲು. ಅಮ್ಮ ಕಂಡಕ್ಟರ್ ಎಂದರೆ ‘ಯಾವ ರೂಟು?’ ಎಂದು ಕೇಳುತ್ತಿದ್ದ ಮೇಲಿನ ಮನೆಯ ಅಜ್ಜಿಗೂ ಈಗ ನಂಬಿಕೆ ಬಂದಿದೆ. ಕೊನೆಯ ಬಾರಿ ಕೇಳಿ ಒಪ್ಪಿಗೆ ಕೊಡಿ ಎಂದು ನಿನ್ನೆ ನನ್ನನ್ನು ಕರೆಸಿದ್ದರು. ಧ್ವನಿ ಎಂಜಿನಿಯರ್ ಬಕ್ಕತಲೆಯ ಸಭ್ಯ ಮನುಷ್ಯ. ಹೊಸ ಅಳಿಯನನ್ನು ಕೂರಿಸುವಂತೆ ನನ್ನನ್ನು ಕೂರಿಸಿ, ‘ಎಲ್ಲಾ ತೊಳೆದು ಒಣಗಿಸಿದ್ದೀನಿ ಸಾರ್. ಕೆಮ್ಮು, ಕುರ್ಚಿ ಕಿರುಗುಟ್ಟೋದು, ಮೇಡಂ ಉಸಿರು, ಒಂದೂ ಬಿಟ್ಟಿಲ್ಲ’ ಎಂದ. ತೆಗೆದ ಕಸವನ್ನೆಲ್ಲ ಒಂದು ಪೆನ್‌ಡ್ರೈವಿನಲ್ಲಿ ಒಟ್ಟಿಗೆ ಅಂಟಿಸಿಟ್ಟಿದ್ದ. ತನ್ನ ಕಸುಬುದಾರಿಕೆ ತೋರಿಸಲು ಅದನ್ನೂ ಸ್ವಲ್ಪ ಕೇಳಿಸಿದ.

ನಿನಗೆ ಹೇಳದ ಒಂದು ಸಂಗತಿ ಇದೆ. ಪಿಟೀಲಿನ ದೊಡ್ಡಣ್ಣ ವಯೊಲಾ ನುಡಿಸುವವರ ಕೊನೆಯ ಸಾಲು ನನ್ನದು, ನನ್ನ ಮುಂದಿನ ಸಾಲಿನಲ್ಲಿ ಕೂರುತ್ತಿದ್ದವನನ್ನು ನಾವು ‘ಬೀರು’ ಎಂದು ಕರೆಯುತ್ತಿದ್ದೆವು. ಅವನ ಬೆನ್ನಿನ ಆಚೆಗೆ ನಿನ್ನಮ್ಮನ ಕಡ್ಡಿ ನನಗೆ ಒಂದು ದಿನವೂ ಕಂಡಿಲ್ಲ. ಆದರೆ ಮೊದಲ ತಾಳಕ್ಕೆ ಮುನ್ನ ಅವಳು ಮೂಗಿನಲ್ಲಿ ಒಂದು ಉಸಿರು ಎಳೆದುಕೊಳ್ಳುತ್ತಿದ್ದಳು. ನಿಧಾನದ ಭಾಗಕ್ಕೆ ನೀಳ ಉಸಿರು, ಓಟದ ಭಾಗಕ್ಕೆ ಚೂಪು ಉಸಿರು. ಅದನ್ನು ಕೇಳಿಯೇ ನಾನು ತಂತಿಗೆ ಕಮಾನು ಇಡುತ್ತಿದ್ದೆ. ಎಲ್ಲ ಗಂಡಂದಿರೂ ಹೆಂಡತಿಯ ತಾಳಕ್ಕೆ ಕುಣಿಯುತ್ತಾರೆ, ಅದಕ್ಕೆ ಸಂಬಳ ಪಡೆದವನು ನಾನೊಬ್ಬನೇ. ಅವಳಿಗೆ ಮಾತ್ರ ಇದರ ಅರಿವೇ ಇರಲಿಲ್ಲ. ‘ನಾನಾ? ಉಸಿರಾ? ಹೋಗ್ರೀ, ಬೀರು ಗೊರಕೆ ಇರಬೇಕು’ ಎನ್ನುತ್ತಿದ್ದಳು.

ಯೋಚಿಸಿ ನೋಡು ಪುಟ್ಟಿ. ಆ ಹನ್ನೊಂದು ಸಿ.ಡಿ.ಗಳಲ್ಲಿ ಪಿಟೀಲಿನವರು, ಕೊಳಲಿನವರು, ತುತ್ತೂರಿಯವರು ಎಲ್ಲರೂ ಕೇಳಿಸುತ್ತಾರೆ. ನಾನೂ ಕೇಳಿಸುತ್ತೇನೆ, ಸ್ವಲ್ಪ ಹುಡುಕಬೇಕು, ಅಷ್ಟೆ. ಕೇಳಿಸದವಳು ಅವಳೊಬ್ಬಳೇ. ಕಡ್ಡಿಗೆ ಸದ್ದೆಲ್ಲಿದೆ? ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಅವಳದೇ ಎಂದು ಇದ್ದದ್ದು ಆ ಉಸಿರೊಂದೇ. ಅದನ್ನು ಗುಡಿಸಿ ಹಾಕಿದ್ದಾರೆ. ಎಂಜಿನಿಯರ್ ಕಂಪನಿಯ ನಿರ್ದೇಶಕರಿಗೆ ಹೇಳಿಬರಲು ಹೋದಾಗ ನಾನು ಆ ಕಸವನ್ನು ಜೇಬಿಗಿಳಿಸಿದೆ.

ಮನೆಗೆ ಬಂದು ನೀನು ಕೊಡಿಸಿದ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಯಾರದೋ ಕೆಮ್ಮು, ಕುರ್ಚಿ, ಅವಳು. ಬಿದ್ದ ಪೆನ್ಸಿಲ್, ಅವಳು. ಆಮೇಲೆ ಬರೀ ಅವಳು, ಒಂದರ ಹಿಂದೊಂದು. ಪ್ರತಿ ಸಲವೂ ಈಗ ಏನೋ ಶುರುವಾಗುತ್ತದೆ ಅನ್ನಿಸುತ್ತದೆ, ಏನೂ ಶುರುವಾಗುವುದಿಲ್ಲ. ಅದರಲ್ಲೊಂದು ಉಸಿರು ಗಿಡ್ಡ, ನಡುವೆ ತುಂಡಾಗಿ ಮತ್ತೆ ಕೂಡಿಕೊಂಡದ್ದು. ಅದು ಯಾವಾಗಿನದೆಂದು ನನಗೆ ಗೊತ್ತು. ಅವಳಿಗೆ ಆಗ ಎಂಟು ತಿಂಗಳು. ಎಲ್ಲರೂ ಬೇಡವೆಂದರೂ ನಿಂತೇ ನಡೆಸಿದಳು. ಬಿಡುವಿನಲ್ಲಿ ನನ್ನ ಬಳಿ ಬಂದು, ‘ರೀ, ಇದು ಒಳಗಿಂದ ತನ್ನದೇ ತಾಳ ಹಾಕ್ತಿದೆ, ನನ್ನ ಮಾತು ಕೇಳೋ ಪೈಕಿ ಅಲ್ಲ’ ಎಂದಳು. ಆ ಉಸಿರಿಗೆ ಅಡ್ಡ ಬಂದದ್ದು ನಿನ್ನ ಕಾಲು ಕಣೇ. ಕಸದಲ್ಲಿ ನೀನೂ ಇದ್ದೀ.

ಆಸ್ಪತ್ರೆಯ ಕೊನೆಯ ವಾರ ಅವಳ ಪಾಲಿನ ಉಸಿರನ್ನು ಯಂತ್ರವೇ ಆಡುತ್ತಿತ್ತು. ಒಂದಿಷ್ಟೂ ತಪ್ಪದ ತಾಳ. ಅಷ್ಟು ಕರಾರುವಾಕ್ಕಾಗಿ ಅವಳು ಎಂದೂ ಉಸಿರಾಡಿದವಳಲ್ಲ, ನನಗೆ ಎಲ್ಲಿ ಸೇರಿಕೊಳ್ಳಬೇಕೋ ತಿಳಿಯಲಿಲ್ಲ. ಈಗಲೂ ಹಾಗೇ. ಟೀಗೆ ನೀರಿಟ್ಟು ಒಲೆಯ ಮುಂದೆ ನಿಲ್ಲುತ್ತೇನೆ, ಗ್ಯಾಸ್ ಹಚ್ಚುವುದಿಲ್ಲ. ಯಾರೋ ಶುರುಮಾಡಿಸಲಿ ಎಂದು ಕಾಯುತ್ತೇನೆ. ನಗಬೇಡ. ನಕ್ಕರೂ ಪರವಾಗಿಲ್ಲ, ನನಗೆ ಕೇಳಿಸುವಷ್ಟು ಜೋರಾಗಿ ನಗು.

ಆದರೆ ನಿನ್ನಪ್ಪನನ್ನು ಅಷ್ಟಕ್ಕೇ ಅಳೆಯಬೇಡ. ನಿರ್ದೇಶಕರ ಕೋಣೆಯಲ್ಲಿ ನಾನು ಏನಾಗಿದ್ದೆ ಎಂಬುದನ್ನು ನೀನು ನೋಡಬೇಕಿತ್ತು. ಮೇಜು ಗುದ್ದಿದೆ. ಟೀ ಲೋಟಗಳು ಎಗರಿದವು. ‘ಆ ಉಸಿರು ಇಲ್ಲದೆ ಈ ಪೆಟ್ಟಿಗೆ ಹೊರಗೆ ಬರಕೂಡದು’ ಎಂದು ಕಡ್ಡಿ ಮುರಿದ ಹಾಗೆ ಹೇಳಿದೆ. ಕಂಡಕ್ಟರಮ್ಮನ ಗಂಡ, ಎಷ್ಟಾದರೂ ಕಡ್ಡಿಯ ಋಣ. ನಿರ್ದೇಶಕರು ಬೆವರೊರೆಸಿಕೊಂಡು ‘ಆಗಲಿ ಸಾರ್, ಆಗಲಿ’ ಎಂದರು. ಇಡೀ ಬಾಳು ಕೊನೆಯ ಸಾಲಿನಲ್ಲಿ ಕೂತವನು ನಿನ್ನೆ ಮೊದಲ ಸಾಲಿಗೆ ಬಂದೆ ಎಂದುಕೋ.

ಹೊತ್ತಿಗೆ ಸರಿಯಾಗಿ ಊಟಮಾಡು. ಭಾರ ಎತ್ತಿಸುವಾಗ ಅದರ ಕೆಳಗೆ ನಿಲ್ಲಬೇಡ. ನಿನ್ನ ಜೊತೆಯ ಕ್ರೇನಿನವರಿಗೆ ನನ್ನ ನಮಸ್ಕಾರ, ನಿನ್ನ ಕೈ ನೋಡಿ ನಡೆಯುವವರೆಲ್ಲ ನನ್ನ ಬಳಗವೇ. ನೂರು ಕಾಲ ಚೆನ್ನಾಗಿರು ಮಗಳೇ.

ನಿನ್ನ
ಅಪ್ಪ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಬೇಗ ಹೇಳುತ್ತೇನೆ. ಮೇಜು ಗುದ್ದಿದ್ದು ಸುಳ್ಳು. ಲೋಟ ಎಗರಲಿಲ್ಲ. ‘ತುಂಬಾ ಸ್ವಚ್ಛವಾಗಿದೆ’ ಎಂದು ಹೊಗಳಿ ಎರಡು ಬಿಸ್ಕತ್ತು ತಿಂದೆ. ಮುಂದಿನ ವಾರ ಶುಕ್ರವಾರ ಸಿ.ಡಿ.ಗಳು ಅಚ್ಚಿಗೆ ಹೋಗುತ್ತವೆ, ಉಸಿರಿಲ್ಲದೆ. ವಾರಸುದಾರಳಾದ ಮಗಳು ಬೇಡವೆಂದರೆ ನಿಲ್ಲಿಸಲೇಬೇಕಾಗುತ್ತದೆ ಎಂದು, ನಿರ್ದೇಶಕರ ಕೋಣೆಗೆ ಹೋಗುವ ಮುನ್ನ, ಎಂಜಿನಿಯರೇ ಬಾಗಿಲಲ್ಲಿ ನನ್ನ ಮುಖ ನೋಡಿ ಪಿಸುಗುಟ್ಟಿದ. ಕಂಪನಿಯ ನಂಬರು ಹಿಂಬದಿಯಲ್ಲಿ ಬರೆದಿದ್ದೇನೆ. ನಿರ್ದೇಶಕರು ‘ಏನಾದ್ರೂ ಹೇಳೋದಿದೆಯಾ ಸಾರ್?’ ಎಂದು ಕೇಳಿಯೇ ಕೇಳಿದರು ಪುಟ್ಟಿ. ನಾನು ‘ಬಾತ್‌ರೂಮ್ ಎಲ್ಲಿದೆ?’ ಎಂದೆ. ಒಳಗೆ ಹೋಗಿ, ಸದ್ದು ಕೇಳದಿರಲೆಂದು ನಲ್ಲಿ ಪೂರ್ತಿ ತಿರುಗಿಸಿ, ಅತ್ತೆ. ಹೊರಗೆ ಬರುವಷ್ಟರಲ್ಲಿ ಅವರು ದೀಪ ಆರಿಸಿ ಹೋಗಿದ್ದರು.