ಎರಡು ಕೈ ಚಿವುಟಿದ ಸೇವಂತಿಗೆ

ರೀ,

ಬೆಳಗಿನ ಪಾಳಿಗೆ ಹೊರಟೆ. ಊಟ ಮುಚ್ಚಿಟ್ಟಿದ್ದೇನೆ, ರಾತ್ರಿ ಪಾಳಿ ಮುಗಿಸಿ ಬಂದವರು ತಿಂದು ಮಲಗಿ.

ಸೇವಂತಿಗೆ ಈ ಸಲ ಯಾಕೆ ಮೊಗ್ಗು ಕಟ್ಟಲಿಲ್ಲವೆಂದು ನಿನ್ನೆ ತಿಳಿಯಿತು. ಗಿಡ ಕವಲೊಡೆದು ಹೆಚ್ಚು ಹೂ ಬಿಡಲು ಕುಡಿ ಚಿವುಟಬೇಕಲ್ಲ, ನಿಮಗೆ ಆ ಕೆಲಸ ತಪ್ಪಲೆಂದು ನಾನು ಬೆಳಿಗ್ಗೆ ಚಿವುಟುತ್ತಿದ್ದೆ. ನನಗೆ ತಪ್ಪಲೆಂದು ನೀವು ಸಂಜೆ ಚಿವುಟುತ್ತಿದ್ದಿರಂತೆ. ಮೊಗ್ಗಿಗೆ ತುದಿಯೇ ಉಳಿಯಲಿಲ್ಲ. ಪಕ್ಕದ ಮನೆ ಅಜ್ಜಿ ಎಲ್ಲ ನೋಡಿದ್ದಾರೆ. "ನಿಮ್ಮನೆಗೆ ಮೇಕೆ ಬೇರೆ ಬೇಕೇನೇ?" ಅಂತ ನಕ್ಕರು. ನನಗೆ ನಗುವಷ್ಟೂ ತ್ರಾಣವಿರಲಿಲ್ಲ.

ಸಿಟ್ಟಿನಲ್ಲಿ ಗಿಡ ಕಿತ್ತುಹಾಕಬೇಡಿ! ಬೇರು ಗಟ್ಟಿಯಿದೆ, ಚಳಿ ತಡೆದು ಮತ್ತೆ ಚಿಗುರುತ್ತದೆ. ಬುಡಕ್ಕೆ ಒಣಗಿದ ಎಲೆ ಹೊದಿಸಿ. ಇನ್ನು ಮೇಲೆ ಚಿವುಟುವುದು ನಿಮ್ಮೊಬ್ಬರದೇ ಕೆಲಸ. ಅರ್ಧ ಮಳೆಗಾಲ ಕಳೆದ ಮೇಲೆ ನೀವೂ ಮುಟ್ಟಬೇಡಿ, ಅದು ಮೊಗ್ಗು ಕಟ್ಟುವ ಹೊತ್ತು.

ಒಬ್ಬರನ್ನೊಬ್ಬರು ಒಂದು ಮಾತು ಕೇಳದೆ ಇಬ್ಬರೂ ಒಳ್ಳೆಯವರಾದೆವು. ಈ ವರ್ಷದ ಹೂವು ಹೋಯಿತು.