ಕುಮ್‌ಲೋಂಗಿನ ಅರ್ಧ ಅಳಿಸಿದ ದಾರಿ

ಮಾನ್ಯರೇ,

ಬಿಸ್ಕಾರ್ ಗ್ರಾಮದಿಂದ ಬೆಟ್ಟದ ಮೇಲಿನ ಕುಮ್‌ಲೋಂಗ್ ಎಂಬ ಪುಟ್ಟ ಕೇರಿಗೆ ಹೋಗುವ ಕಾಲುದಾರಿಯ ಹಳದಿ ಗುರುತುಗಳನ್ನು ತಮ್ಮ ಆದೇಶದ ಮೇರೆಗೆ ಅಳಿಸಿದವನು ನಾನೇ. ಅರ್ಧದಷ್ಟು ಅಳಿಸಿ ನಿಲ್ಲಿಸಿದವನೂ ನಾನೇ. ಆ ಅರ್ಧ ದಾರಿಯನ್ನು ನಂಬಿ ಇಳಿದ ಒಬ್ಬ ಹೆಂಗಸು ಕಮರಿಗೆ ಜಾರಿ, ಕಾಲು ಮುರಿದುಕೊಂಡು, ಐದು ತಾಸು ಮಂಜಿನಲ್ಲಿ ಬಿದ್ದಿದ್ದರು. ಇದು ನಡೆದು ಏಳು ವಾರಗಳಾದವು. ದಾರಿ ಇಂದಿಗೂ ಹಾಗೆಯೇ ಇದೆ. ಈ ಅವಧಿಯಲ್ಲಿ ತಮ್ಮ ಕಾಲುದಾರಿಗಳ ವಿಭಾಗಕ್ಕೆ ಮೂರು ಮನವಿಗಳನ್ನು ಸಲ್ಲಿಸಿದ್ದೇನೆ. ಮೂರಕ್ಕೂ ಸ್ವೀಕೃತಿ ಪತ್ರ ಬಂದಿದೆ, ಒಂದಕ್ಕೂ ಉತ್ತರ ಬಂದಿಲ್ಲ. ಆದಕಾರಣ ನಾಲ್ಕನೆಯದನ್ನು ಪತ್ರಿಕೆಯಲ್ಲಿ ಪ್ರಕಟಿಸಿ, ಊರವರ ಸಮಕ್ಷಮದಲ್ಲಿ ತಮ್ಮ ಅವಗಾಹನೆಗೆ ತರುತ್ತಿದ್ದೇನೆ.

ಮೊದಲಿಗೆ ನನ್ನ ಅರ್ಹತೆಯನ್ನು ನಿವೇದಿಸಬೇಕು. ನನಗೀಗ ಎಪ್ಪತ್ತೇಳು ವರ್ಷ. ಮೂವತ್ತೊಂದು ವಸಂತಗಳಿಂದ ಈ ಬೆಟ್ಟದ ಬುಡದ ದಾರಿಗಳಿಗೆ ಗುರುತು ಬಳಿಯುವ ಸ್ವಯಂಸೇವಕನಾಗಿದ್ದೇನೆ. ಈ ಕೆಲಸವನ್ನು ದೂರದಿಂದ ಬಲ್ಲವರಿಗೆ ಇದು ಮಕ್ಕಳ ಆಟವೆನಿಸಬಹುದು. ಮರದ ಮೇಲೊಂದು ಹಳದಿ ಪಟ್ಟಿ, ಬಂಡೆಯ ಮೇಲೊಂದು ಹಳದಿ ಪಟ್ಟಿ, ತಪ್ಪು ಕವಲಿನಲ್ಲಿ ಒಂದು ಕತ್ತರಿ ಗುರುತು, ಅಷ್ಟೇ ತಾನೇ? ಅಷ್ಟೇ. ಆದರೆ ತಂತಿಯ ಬ್ರಷ್ಷಿನಿಂದ ಪಾಚಿ ಉಜ್ಜದೆ ಬಳಿದ ಬಣ್ಣ ಒಂದು ಚಳಿಗಾಲವನ್ನೂ ದಾಟುವುದಿಲ್ಲ. ಹತ್ತುವವರಿಗೆ ಕಾಣುವ ಗುರುತು ಇಳಿಯುವವರಿಗೆ ಕಾಣುವುದಿಲ್ಲ. ಹೀಗಾಗಿ ಒಂದೇ ದಾರಿಯನ್ನು ಎರಡು ಸಲ ಬಳಿಯಬೇಕು: ಹತ್ತುತ್ತಾ ಹತ್ತುವವರಿಗಾಗಿ, ಇಳಿಯುತ್ತಾ ಇಳಿಯುವವರಿಗಾಗಿ. ಈ ಮಾತನ್ನು ಎಷ್ಟೋ ಹೊಸಬರಿಗೆ ನಾನೇ ಕಲಿಸಿದ್ದೇನೆ. ಕಲಿಸಿದವನೇ ಅದನ್ನು ಮರೆತ ದಿನದ ಕಥೆಯನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ಈ ದಾರಿಯನ್ನು ಯಾರೂ ಬಳಸುತ್ತಿಲ್ಲವೆಂದು ತಮ್ಮ ವಿಭಾಗವು ತೀರ್ಮಾನಿಸಿತು. ತೀರ್ಮಾನಕ್ಕೆ ಆಧಾರ, ವಾಹನ ನಿಲ್ದಾಣದ ಬಳಿಯ ಕಂಬದಲ್ಲಿ ಎರಡು ವರ್ಷ ಕಣ್ಣು ಬಿಟ್ಟುಕೊಂಡು ಕುಳಿತಿದ್ದ ಒಂದು ಎಣಿಕೆ ಯಂತ್ರ. ಯಂತ್ರ ಸುಳ್ಳು ಹೇಳಿಲ್ಲ, ಅದರ ಮುಂದೆ ಯಾರೂ ಹಾದುಹೋಗಿಲ್ಲ. ಬಿಸ್ಕಾರಿನಲ್ಲಿ ಹುಟ್ಟಿದವರಾಗಲಿ, ಬೇಕರಿಯಲ್ಲಿ ದಾರಿ ಕೇಳಿಕೊಂಡು ಬಂದ ಪರ ಊರಿನವರಾಗಲಿ, ಕುಮ್‌ಲೋಂಗಿಗೆ ಹೋಗುವುದು ಬಟ್ಟೆ ತೊಳೆಯುವ ಹಳೆಯ ಕಲ್ಲುತೊಟ್ಟಿಯ ಹಿಂದಿನ ಓಣಿಯಿಂದ. ಅದು ನಿಲ್ದಾಣದಿಂದ ಮೇಲೆ ಬರುವ ದಾರಿಯನ್ನು ಆ ಕಂಬಕ್ಕಿಂತ ಮುನ್ನೂರು ಹೆಜ್ಜೆ ಮೇಲೆ ಕೂಡಿಕೊಳ್ಳುತ್ತದೆ. ಯಂತ್ರ ನೆಡಲು ಬಂದ ತಮ್ಮ ಸಿಬ್ಬಂದಿ ಊರಿನಲ್ಲಿ ಒಬ್ಬರನ್ನಾದರೂ ಕೇಳಿದ್ದರೆ ಇದು ತಿಳಿಯುತ್ತಿತ್ತು. ಕಂಬವನ್ನು ಕೇಳಿದರು, ಕಂಬ ಉತ್ತರ ಕೊಟ್ಟಿತು.

ಏಪ್ರಿಲ್ ಕೊನೆಯಲ್ಲಿ ಆದೇಶ ಬಂತು: "ಸದರಿ ದಾರಿಯ ಗುರುತುಗಳನ್ನು ಆರಂಭ ಬಿಂದುವಿನಿಂದ ತೊಡಗಿ ಅಳಿಸತಕ್ಕದ್ದು." ಜೊತೆಗೆ ಎರಡು ಡಬ್ಬಿ ಕಂದು ಬಣ್ಣ. ಬಳಿದವನ ಕೈಯಿಂದಲೇ ಅಳಿಸುವುದರಲ್ಲಿ ಮಿತವ್ಯಯವಿದೆ ಎಂಬುದನ್ನು ಒಪ್ಪುತ್ತೇನೆ. ಕುಮ್‌ಲೋಂಗಿನಲ್ಲಿ ವರ್ಷಪೂರ್ತಿ ವಾಸವಿರುವುದು ಒದೆತ್ ಫುರ್ಕಾದ್ ಒಬ್ಬರೇ. ಎಂಬತ್ತೊಂದು ವರ್ಷ, ಹದಿನಾಲ್ಕು ಮೇಕೆ, ಒಂದು ನಾಯಿ. ನಡೆದು ಬರುವವರಿಗೆ ಸೂಪು, ಬ್ರೆಡ್ಡು, ತಾವೇ ಮಾಡಿದ ಮೇಕೆ ಹಾಲಿನ ಚೀಸು ಮಾರಿ ಜೀವನ ಸಾಗಿಸುವವರು. ಅವರಿಗೆ ಸುದ್ದಿ ಮುಟ್ಟಿಸುವ ಸಲುವಾಗಿ ಮೇಲೆ ಹೋದೆ. ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ಓದಿದರು.

"ಬಳಿಯೋಕೂ ನೀನೇ, ಅಳಿಸೋಕೂ ನೀನೇನಾ? ಕತ್ತೆಗಾದ್ರೂ ಹೊರೆ ಇಳಿಸೋಕೆ ಯಾರೋ ಬರ್ತಾರೆ ಕಣೋ ಆಂಸೆಲ್ಮ್."

ಆದೇಶ ಎಂದರೆ ಆದೇಶ, ಮೇಲ್ಮನವಿಯನ್ನು ಬೇರೆಯಾಗಿ ಸಲ್ಲಿಸೋಣ ಎಂದೆ. ಅವರು ಕಾಗದವನ್ನು ಹಿಂದಿರುಗಿಸಿ, "ಅದೇನೋ ಆರಂಭ ಬಿಂದು ಅಂತ ಬರ್ದಿದಾರಲ್ಲ, ಅದು ಎಲ್ಲಿ ಬರತ್ತೆ? ನನಗೆ ದಾರಿ ಶುರುವಾಗೋದು ಈ ಬಾಗಿಲಲ್ಲಿ" ಎಂದರು. ಮುದುಕಿಯ ಕೊಂಕು ಎಂದು ನಕ್ಕುಬಿಟ್ಟೆ. ಮಾನ್ಯರೇ, ಈ ಇಡೀ ವ್ಯವಹಾರದಲ್ಲಿ ಯಾರಾದರೂ ಕೇಳಿದ ಏಕೈಕ ಸರಿಯಾದ ಪ್ರಶ್ನೆ ಅದಾಗಿತ್ತು.

ತಮ್ಮ ಕಾರ್ಯಾಲಯದ ಮೇಜಿನಿಂದ ನೋಡಿದರೆ ದಾರಿ ಶುರುವಾಗುವುದು ವಾಹನ ನಿಲ್ದಾಣದಲ್ಲಿ. ನಾನು ಅಕ್ಷರಶಃ ಪಾಲಿಸಿದೆ. ಮೇ ತಿಂಗಳ ಒಂದು ಒಣ ದಿನ ಕೆಳಗಿನಿಂದ ಶುರುಮಾಡಿ, ಒಂದೊಂದೇ ಗುರುತನ್ನು ಉಜ್ಜಿ ಕಂದು ಬಣ್ಣ ಹಚ್ಚುತ್ತಾ, ಸಂಜೆಯ ಹೊತ್ತಿಗೆ ಬೀಚ್ ಎಂಬ ಜಾತಿಯ ಮೂರು ಕಾಡುಮರಗಳಿರುವ ತಿರುವನ್ನು ಮುಟ್ಟಿದೆ. ಸರಿಯಾಗಿ ಅರ್ಧ ದಾರಿ. ಮಂಡಿಗಳು ಸಾಕೆಂದವು. ಉಳಿದದ್ದನ್ನು ನಾಳೆ ಮುಗಿಸುವುದೆಂದು ಇಳಿದೆ. ದಾರಿ ಮುಚ್ಚಿದೆ ಎಂಬ ಫಲಕವನ್ನು ತಮ್ಮವರು ನಿಲ್ದಾಣದಲ್ಲಿ ನೆಟ್ಟಿದ್ದರು, ಮೇಲ್ತುದಿಯಲ್ಲಿ ನೆಟ್ಟಿರಲಿಲ್ಲ. ದಾರಿ ಮುಚ್ಚುವಾಗ ಮೊದಲು ಎರಡೂ ತುದಿಗೆ ಕತ್ತರಿ ಗುರುತು ಹಾಕಬೇಕು ಎಂಬುದು ನಮ್ಮಲ್ಲಿ ನಿನ್ನೆ ಮೊನ್ನೆ ಬ್ರಷ್ ಹಿಡಿದವನಿಗೂ ಗೊತ್ತು. ಆದೇಶದಲ್ಲಿ ಅದು ಇರಲಿಲ್ಲ. ಆದೇಶದಲ್ಲಿ ಇಲ್ಲದ್ದನ್ನು ನಾನು ಮಾಡಲಿಲ್ಲ. ಮೂವತ್ತೊಂದು ವರ್ಷದ ತಿಳಿವಳಿಕೆಯನ್ನು ಒಂದು ಮೊಹರಿನ ಕೆಳಗೆ ಅಡವಿಟ್ಟ ತಪ್ಪು ನನ್ನದು. ಅದನ್ನು ತಮ್ಮ ಹೆಗಲಿಗೆ ಹೊರಿಸುವುದಿಲ್ಲ.

ಮರುದಿನ ಮಂಜು ಇಳಿಯಿತು. ಮಂಜಿನಲ್ಲಿ ಬಣ್ಣ ಒಣಗುವುದಿಲ್ಲವಾದ್ದರಿಂದ ನಾನು ಮನೆಯಲ್ಲಿ ಒಲೆಯ ಮುಂದೆ ಕುಳಿತೆ. ಅದೇ ಬೆಳಿಗ್ಗೆ ಗಿಲೇನ್ ಎಂಬ ನಿವೃತ್ತ ದಾದಿ, ಅರವತ್ತಾರು ವರ್ಷದವರು, ಪಕ್ಕದ ಕಣಿವೆಯಿಂದ ಬೆಟ್ಟದ ಏಣು ದಾಟಿ ಕುಮ್‌ಲೋಂಗಿಗೆ ಬಂದು, ಒದೆತ್ ಅವರಲ್ಲಿ ಸೂಪು ಕುಡಿದು, ಹನ್ನೊಂದಕ್ಕೆ ಕೆಳಗೆ ಹೊರಟರು. ಕೆಳಗೆ ನಾನು ಅಳಿಸುತ್ತಿರುವೆನೆಂದು ಒದೆತ್ ಅವರಿಗೆ ಗೊತ್ತಿರಲಿಲ್ಲ, ಇಂತಹ ದಿನ ಶುರುಮಾಡುವೆನೆಂದು ನಾನು ತಿಳಿಸಿರಲಿಲ್ಲ. ಗುರುತುಗಳೆಲ್ಲ ಸ್ವಚ್ಛವಾಗಿ ಕಾಣುತ್ತಿದ್ದವು. ಮೂರು ಬೀಚ್ ಮರಗಳ ಬಳಿ ಮುಗಿದುಹೋದವು. ಅಲ್ಲಿ ನಿಜವಾದ ದಾರಿ ಎಡಕ್ಕೆ ಸಣ್ಣದಾಗಿ ತಿರುಗುತ್ತದೆ. ನೇರಕ್ಕೆ ಅದಕ್ಕಿಂತ ಅಗಲವಾಗಿ ಹೋಗುವುದು ಕುರಿಗಳು ತುಳಿದ ಜಾಡು. ಅದು ಕಮರಿಯ ಅಂಚಿಗೆ ಹೋಗುತ್ತದೆ.

ನಮ್ಮಲ್ಲಿ ಒಂದು ಪದ್ಧತಿಯಿದೆ. ಮೇಲೆ ಫೋನಿನ ಸಂಪರ್ಕವಿಲ್ಲ. ಕುಮ್‌ಲೋಂಗಿನಿಂದ ಇಳಿದವರು ಕಲ್ಲುತೊಟ್ಟಿಯ ಬಳಿ ತೂಗುಹಾಕಿರುವ ಗಂಟೆಯನ್ನು ಎರಡು ಸಲ ಬಾರಿಸಬೇಕು. ಸದ್ದು ಮೇಲಕ್ಕೆ ಕೇಳಿಸುತ್ತದೆ, ಕಳುಹಿಸಿದವರು ನಿರಾಳವಾಗುತ್ತಾರೆ. ಒಂದೂವರೆ ತಾಸಿನ ದಾರಿ. ಮಧ್ಯಾಹ್ನ ಒಂದಾದರೂ ಸದ್ದಿಲ್ಲ, ಎರಡಾದರೂ ಇಲ್ಲ. ಎಂಬತ್ತೊಂದು ವರ್ಷದ ಒದೆತ್ ಕೋಲು ಹಿಡಿದು, ನಾಯಿಯನ್ನು ಕರೆದುಕೊಂಡು, ಮಂಜಿನೊಳಗೆ ಇಳಿದರು. ಗಾಯಾಳುವನ್ನು ಪತ್ತೆಹಚ್ಚಿದ್ದು ನಾಯಿ. ಒದೆತ್ ತಮ್ಮ ಕೋಟನ್ನು ಹೊದಿಸಿ, ನಾಯಿಯನ್ನು ಪಕ್ಕದಲ್ಲಿ ಮಲಗಿಸಿ, ತಾವು ಊರಿಗೆ ಬಂದು ಗಂಟೆಯನ್ನು ಬಾರಿಸಿದರು. ಎರಡಕ್ಕೆ ನಿಲ್ಲಿಸಲಿಲ್ಲ. ಊರೆಲ್ಲ ಹೊರಗೆ ಬರುವವರೆಗೂ ಬಾರಿಸುತ್ತಲೇ ಇದ್ದರು. ಓಡಿಹೋದವರಲ್ಲಿ ನಾನೂ ಇದ್ದೆ.

ನನ್ನನ್ನು ಕಂಡೊಡನೆ, "ಏಣಿ ತಗೊಂಡು ಬಾ ಆಂಸೆಲ್ಮ್. ನಿನ್ನ ಆಮೇಲೆ ಬೈತೀನಿ" ಎಂದರು.

ಏಳು ವಾರವಾಯಿತು. ಅವರು ಇನ್ನೂ ಬೈದಿಲ್ಲ.

ಮಂಜಿನಿಂದಾಗಿ ಹೆಲಿಕಾಪ್ಟರು ಬರುವಂತಿರಲಿಲ್ಲ. ಹುಲ್ಲಟ್ಟದ ಏಣಿಗೆ ಕಂಬಳಿ ಕಟ್ಟಿ ಆರು ಜನ ಹೊತ್ತು ತಂದೆವು. ದಾರಿಯಲ್ಲಿ ಯಾರೋ ಗಿಲೇನ್ ಅವರಿಗೆ ಗುರುತು ಬಳಿದವನು ಇವನೇ ಎಂದು ನನ್ನನ್ನು ತೋರಿಸಿದರು. ಆಕೆ ನನ್ನ ಕಡೆ ನೋಡಿ, ಸ್ವಲ್ಪವೂ ಸಿಟ್ಟಿಲ್ಲದೆ ಹೇಳಿದರು:

"ಓ, ನೀವೇನಾ? ಮೇಲಿಂದ ಒಂದೂ ತಪ್ಪಿರಲಿಲ್ಲ ನೋಡಿ. ಅದಕ್ಕೇ ಮುಂದಕ್ಕೂ ಇರತ್ತೆ ಅಂತ ಹೋಗ್ತಾನೇ ಇದ್ದೆ."

ಮಾನ್ಯರೇ, ಮೂವತ್ತೊಂದು ವರ್ಷಗಳಲ್ಲಿ ನನ್ನ ಕೆಲಸಕ್ಕೆ ದೊರೆತ ಅತಿ ದೊಡ್ಡ ಪ್ರಶಂಸೆ ಇದು. ಗುರುತೇ ಇಲ್ಲದ ದಾರಿಯಲ್ಲಿ ಮನುಷ್ಯ ಹೆದರಿಕೊಂಡು ನಡೆಯುತ್ತಾನೆ, ಅನುಮಾನ ಬಂದರೆ ಹಿಂದಿರುಗುತ್ತಾನೆ. ಅರ್ಧ ದಾರಿ ಕೈಹಿಡಿದು ಕರೆತಂದು ಕಮರಿಯ ಬಳಿ ಕೈಬಿಡುವುದು ಅದಕ್ಕಿಂತ ಕ್ರೂರ.

ಮರುದಿನವೇ ಮೇಲ್ತುದಿಯಲ್ಲಿ ಹಲಗೆಯೊಂದರ ಮೇಲೆ ಎಚ್ಚರಿಕೆ ಬರೆದು ನಿಲ್ಲಿಸಿದೆ. ಹತ್ತು ದಿನದಲ್ಲಿ ತಮ್ಮ ಸಿಬ್ಬಂದಿ ಬಂದು, ಅದು ಅನುಮತಿಯಿಲ್ಲದ ಫಲಕವೆಂದು ಕಿತ್ತೊಯ್ದರು. ಅಂದರೆ ಮೇಲ್ತುದಿ ಎಲ್ಲಿದೆಯೆಂಬುದು ತಮ್ಮ ವಿಭಾಗಕ್ಕೆ ಗೊತ್ತಿದೆ ಎಂದಾಯಿತಲ್ಲವೇ? ಅಳಿಸಿದ್ದನ್ನು ಮತ್ತೆ ಬಳಿಯೋಣವೆಂದರೆ, ಅನುಮತಿಯಿಲ್ಲದ ಗುರುತನ್ನು ನಂಬಿ ಯಾರಾದರೂ ಬಿದ್ದರೆ ಹೊಣೆ ನಮ್ಮ ಮೇಯರ್ ಮೇಲೆ ಬರುವುದೆಂದು ತಮ್ಮ ಸ್ವೀಕೃತಿ ಪತ್ರದ ಕೆಳಗೆ ಸಣ್ಣಕ್ಷರಗಳಲ್ಲಿ ಅಚ್ಚಾಗಿದೆ. ಅನುಮತಿಯಿದ್ದ ಗುರುತನ್ನು ನಂಬಿ ಬಿದ್ದವರ ಹೊಣೆ ಯಾರದೆಂದು ಯಾವ ಅಕ್ಷರದಲ್ಲೂ ಇಲ್ಲ. ಉಳಿದ ಅರ್ಧವನ್ನೂ ಅಳಿಸಿಬಿಡೋಣವೆಂದರೆ ಒದೆತ್ ಅವರ ಮನೆಗೆ ಯಾರೂ ಹೋಗುವುದಿಲ್ಲ, ನಾನು ಆ ಬಾಗಿಲಿನವರೆಗೂ ಕಂದು ಬಣ್ಣ ಹಿಡಿದು ನಡೆಯಬೇಕಾಗುತ್ತದೆ. ಅದು ನನ್ನಿಂದಾಗದು.

ಆದುದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ಜುಲೈ ಒಂದರೊಳಗೆ ಈ ದಾರಿಯನ್ನು ಮತ್ತೆ ಬಳಿಯಲು ಒಂದು ಸಾಲಿನ ಲಿಖಿತ ಅನುಮತಿ ದಯಪಾಲಿಸಿ. ಬಣ್ಣ ನನ್ನಲ್ಲಿದೆ, ಎರಡು ದಿನದ ಕೆಲಸ. ಅನುಮತಿ ಸಾಧ್ಯವಿಲ್ಲವಾದರೆ ತಾವೇ ಬಂದು ಮೇಲಿನ ಅರ್ಧವನ್ನು ಅಳಿಸಿಕೊಡಿ. ದಯವಿಟ್ಟು ಒದೆತ್ ಅವರ ಬಾಗಿಲಿನಿಂದ ಶುರುಮಾಡಿ. ಸೂಪು ಕೊಡುತ್ತಾರೆ, ಬರುವವರು ಯಾರೆಂದು ಅವರು ನೋಡುವುದಿಲ್ಲ.

ಅಲ್ಲಿಯವರೆಗೆ ನಾನು ಪ್ರತಿದಿನ ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಮೂರು ಬೀಚ್ ಮರಗಳ ಬಳಿ ನಿಂತಿರುತ್ತೇನೆ. ಇಳಿದು ಬರುವವರಿಗೆ ಎಡಕ್ಕೆ ಎಂದು ಹೇಳುತ್ತೇನೆ. ದಾರಿಯಲ್ಲಿ ಮನುಷ್ಯನೊಬ್ಬ ನಿಲ್ಲಲು ಅನುಮತಿ ಬೇಕೆಂದು ತಮ್ಮ ನಿಯಮಾವಳಿಯಲ್ಲಿ ಎಲ್ಲಿಯೂ ಇಲ್ಲ, ಎರಡು ಸಲ ಓದಿ ನೋಡಿದ್ದೇನೆ. ತಮ್ಮವರು ಹಲಗೆ ಕಿತ್ತೊಯ್ದಂದಿನಿಂದ ನಿಲ್ಲುತ್ತಿದ್ದೇನೆ, ಈವರೆಗೆ ಒಂದು ದಿನವೂ ತಪ್ಪಿಸಿಲ್ಲ. ಆದರೆ ಜುಲೈನಲ್ಲಿ ಜನ ಹೆಚ್ಚು ಬರುತ್ತಾರೆ, ನನ್ನ ಮಂಡಿಗಳ ಮೇಲೆ ನನಗೆ ಭರವಸೆಯಿಲ್ಲ. ಒಂದು ಬೆಳಿಗ್ಗೆ ನಾನು ಏಳದೆ ಹೋದರೆ ಅಲ್ಲಿ ಯಾರೂ ಇರುವುದಿಲ್ಲ. ತಮ್ಮ ಉತ್ತರ ಆ ಬೆಳಿಗ್ಗೆಗಿಂತ ಮೊದಲು ಬರಲಿ.

ಇಂತಿ,
ಹೇಳಿದಂತೆ ಕೇಳಿ ಕೆಟ್ಟವನು,
ಆಂಸೆಲ್ಮ್ ಕಜೆನಾವ್
ಬಿಸ್ಕಾರ್ ಗ್ರಾಮ, ಹಗಲಿನಲ್ಲಿ, ಮೂರು ಬೀಚ್ ಮರಗಳ ತಿರುವು