ಹಸಿರು ಪರದೆಗೆ ಕತ್ತರಿ ಹಾಕದವಳು

ದೊಡ್ಡಪ್ಪಾ,

ಹೊಲಿಗೆ ಯಂತ್ರದ ಮೇಲೇ ಕಾರ್ಡಿಟ್ಟುಕೊಂಡು ಬರೀತಿದ್ದೀನಿ, ಅಕ್ಷರ ಸೊಟ್ಟಗಿದ್ದರೆ ಬೈಬೇಡಿ. ಇಲ್ಲಿ ದಕ್ಷಿಣ ಆಫ್ರಿಕಾದವರ ಆಫ್ರಿಕಾನ್ಸ್ ಭಾಷೆ ನಮಗೆ ನೆಂಟನೇ ಇರಬೇಕು. ‘ನೀನು ಬೇಕು ಇವತ್ತು ಆ ಹಸಿರು ಪರದೆ ತೊಳೆಯಲು’ ಅಂತಾರೆ. ಮಾಡಬೇಕಾದ ಕೆಲಸ ನಮ್ಮ ಕನ್ನಡದ ಹಾಗೇ ಹೋಗಿ ವಾಕ್ಯದ ತುದಿಯಲ್ಲಿ ಕೂರುತ್ತೆ. ಮಾಡೋರು ನಾನಾದರೂ ನೀವಾದರೂ ಆ ‘ತೊಳೆಯಲು’ ಬದಲಾಗಲ್ಲ.

ಹೋದ ವಾರ ನಮ್ಮ ಹೊಲಿಗೆ ಅಂಗಡಿಯ ಮೇಲ್ವಿಚಾರಕಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಹೀಗೇ ಶುರು ಮಾಡಿದರು. ‘ಹಸಿರು ಪರದೆ’ ಅಂದದ್ದೇ ತಡ, ನನ್ನ ಜೊತೆ ಸೇರಿದ ಹೊಸಬಳು ಕತ್ತರಿ ಆಡಿಸಿಬಿಟ್ಟಳು. ನಾನು ಮಾತ್ರ ಕೈಕಟ್ಟಿ ಕಾದೆ; ಕೊನೆಗೆ ಬಂದದ್ದು ‘ತೊಳೆಯಲು’. ನೀವು ಅರ್ಧ ಮಾತಿಗೆ ನಿಲ್ಲಿಸಿ ನಶ್ಯ ಏರಿಸುವಾಗ ಮನೆಮಂದಿಯೆಲ್ಲ ಬಾಯಿಬಿಟ್ಟುಕೊಂಡು ಕಾಯ್ತಿದ್ದೆವಲ್ಲ, ಆ ಅಭ್ಯಾಸ.

ನನ್ನ ಕೆಮ್ಮು ಪೂರ್ತಿ ಹೋಯ್ತು ಅಂತ ಅಮ್ಮನಿಗೆ ಹೇಳಿ.

ಇವತ್ತಿಗೆ ಕೆಲಸದಲ್ಲಿ ನನ್ನ ಪರೀಕ್ಷೆಯ ತಿಂಗಳು ಮುಗೀತು. ಮೇಲ್ವಿಚಾರಕಿ ಕರೆದು, ‘ನನಗೆ ಇಷ್ಟವಿದೆ ನಿನ್ನನ್ನು ಸೋಮವಾರದಿಂದ’ ಅಂದವರೇ ನಿಲ್ಲಿಸಿ, ಬಾಯಿಂದ ಒಂದೊಂದೇ ಸೂಜಿ ತೆಗೆದು ದಿಂಬಿಗೆ ಚುಚ್ಚಿದರು. ಹನ್ನೊಂದು ಸೂಜಿ, ದೊಡ್ಡಪ್ಪಾ. ಕಾಯುತ್ತಾ ಎಣಿಸಿದೆ. ಆಮೇಲೆ ಬಂತು ನೋಡಿ ಆ ಕೊನೆಯ ಮಾತು: ‘ಖಾಯಂ ಮಾಡಲು.’

ಕಾರ್ಡು ತುಂಬಿತು. ಇನ್ನು ನಿಮ್ಮ ನಶ್ಯಕ್ಕೆ ನಾನು ಗೊಣಗಲ್ಲ.

ನಿಮ್ಮ ಚಿನಕುರುಳಿ